ಅವರವರ ಮನೆಯ ಎದುರಿನ ಗೋಡೆ

(ಓದತಕ್ಕ ವೇದಭಾಗ: ನೆಹೆಮೀಯನ ಪುಸ್ತಕ, 2ನೆಯ ಅಧ್ಯಾಯದಿಂದ 6ನೆಯ ಅಧ್ಯಾಯದ ವರೆಗೆ, ವಿಶೇಷವಾಗಿ 3ನೆಯ ಅಧ್ಯಾಯ)



ಸತ್ಯವೇದವನ್ನು ಮೊದಲಿನಿಂದ ಕಡೆಯ ವರೆಗೆ ಕ್ರಮವಾಗಿ ಓದಬೇಕೆಂದು ನಿಶ್ಚಯಮಾಡಿಕೊಂಡವರು ಸಹ ನೆಹೆಮೀಯನ ಪುಸ್ತಕದ ಮೂರನೆಯ ಅಧ್ಯಾಯಕ್ಕೆ ಬಂದಾಗ ಎರಡು ಹಾಳೆಗಳನ್ನು ಒಟ್ಟಿಗೆ ತಿರುವಿಬಿಡುವದುಂಟು. ಯಾಕಂದರೆ ಅದರಲ್ಲಿ ಅದ್ಭುತವಿಲ್ಲ, ಯುದ್ಧವಿಲ್ಲ, ಪ್ರವಾದನೆಯಿಲ್ಲ. ಇಂಥವನ ಮಗನಾದ ಇಂಥವನು ಗೋಡೆಯ ಇಷ್ಟು ಭಾಗವನ್ನು ಕಟ್ಟಿದನು, ಅವನ ಮಗ್ಗುಲಲ್ಲಿ ಮತ್ತೊಬ್ಬನು ಇಷ್ಟನ್ನು ಕಟ್ಟಿದನು ಎಂದು ಹಿಂದಿನ ಕುಲಕರ್ಣಿಯವರ ದಫ್ತರದ ಹಾಗೆ ಹೆಸರುಗಳ ಪಟ್ಟಿ ಮಾತ್ರ ಅದರಲ್ಲಿದೆ. ಆದರೆ ಪವಿತ್ರಾತ್ಮನು ಯಾವ ಪಟ್ಟಿಯನ್ನೂ ವ್ಯರ್ಥವಾಗಿ ಬರೆಯಿಸಲಿಲ್ಲ. ಈ ತಿಂಗಳು ನಾವು ಆ ಪಟ್ಟಿಯ ಮುಂದೆ ಸ್ವಲ್ಪ ಹೊತ್ತು ಕುಳಿತುಕೊಳ್ಳೋಣ.

ಚರಿತ್ರೆಯು ನಿಮಗೆ ತಿಳಿದದ್ದೇ. ಕ್ರಿಸ್ತ ಪೂರ್ವ 445ರ ಸುಮಾರಿನಲ್ಲಿ, ಪಾರಸಿಯ ಅರಸನಾದ ಅರ್ತಷಸ್ತನ ಆಳಿಕೆಯ ಇಪ್ಪತ್ತನೆಯ ವರುಷದಲ್ಲಿ, ಅವನ ಪಾನಸೇವಕನಾದ ನೆಹೆಮೀಯನು ಶೂಷನಿನ ಅರಮನೆಯಲ್ಲಿ ಸುಖವಾಗಿದ್ದನು. ಆಗ ಯೆರೂಸಲೇಮಿನ ಗೋಡೆಯು ಕೆಡವಲ್ಪಟ್ಟಿದೆ, ಬಾಗಿಲುಗಳು ಸುಟ್ಟುಹೋಗಿವೆ, ಅಲ್ಲಿಯ ಜನರು ಅವಮಾನದಲ್ಲಿದ್ದಾರೆ ಎಂಬ ಸುದ್ದಿಯು ಅವನಿಗೆ ಮುಟ್ಟಿತು. ಅವನು ಅತ್ತನು, ಉಪವಾಸಮಾಡಿದನು, ಪ್ರಾರ್ಥಿಸಿದನು. ಬಳಿಕ ಅರಸನ ಅಪ್ಪಣೆ ಪಡೆದು ಆ ಪಟ್ಟಣಕ್ಕೆ ಬಂದನು. ಬಹು ಕಾಲದಿಂದ ಹಾಳುಬಿದ್ದಿದ್ದ ಆ ಗೋಡೆಯು 52 ದಿವಸಗಳಲ್ಲಿ ತೀರಿತು.

ಇದು ಹೇಗಾಯಿತು? ಕೂಲಿಗೆ ಬಂದವರಿಂದಲ್ಲ, ಸೈನ್ಯದಿಂದಲೂ ಅಲ್ಲ. ಅಕ್ಕಸಾಲಿಗನು ಕಟ್ಟಿದನು, ಸುಗಂಧದ್ರವ್ಯ ಮಾಡುವವನು ಕಟ್ಟಿದನು, ಯಾಜಕರೂ ವ್ಯಾಪಾರಿಗಳೂ ಕಟ್ಟಿದರು. ಶಲ್ಲೂಮನೆಂಬ ಅಧಿಕಾರಿಯು ತನ್ನ ಹೆಣ್ಣುಮಕ್ಕಳೊಂದಿಗೆ ಕಟ್ಟಿದನು. ಇವರಲ್ಲಿ ಒಬ್ಬರಿಗೂ ಗೋಡೆ ಕಟ್ಟುವದು ಕುಲಕಸುಬಾಗಿರಲಿಲ್ಲ. ಇದಲ್ಲದೆ ಆ ಅಧ್ಯಾಯದಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಅದೇನಂದರೆ, ಯೆದಾಯನು ತನ್ನ ಮನೆಗೆ ಎದುರಾಗಿದ್ದ ಭಾಗವನ್ನು ಕಟ್ಟಿದನು, ಬೆನ್ಯಾಮೀನನೂ ಹಷ್ಷೂಬನೂ ತಮ್ಮ ಮನೆಗೆ ಎದುರಾಗಿ ಕಟ್ಟಿದರು, ಯಾಜಕರಲ್ಲಿ ಪ್ರತಿಯೊಬ್ಬನೂ ತನ್ನ ತನ್ನ ಮನೆಯ ಎದುರಿನಲ್ಲಿ ಕಟ್ಟಿದನು ಎಂಬದೇ. ಮೆಷುಲ್ಲಾಮನೆಂಬವನು ತನ್ನ ಕೋಣೆಯ ಎದುರಿನಲ್ಲಿ ಕಟ್ಟಿದನೆಂದು ಬರೆದದೆ. ಒಂದು ಕೋಣೆಯಷ್ಟೇ ಉಳ್ಳವನಿಗೂ ಒಂದು ಪಾಲು ಗೋಡೆ ಇತ್ತು.

ಪ್ರಿಯರೇ, ನಮ್ಮ ಉಪದೇಶವೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿದೆ. ನನ್ನ ಮನೆಯ ಎದುರಿನ ಗೋಡೆಯು ನನ್ನೊಬ್ಬನದಲ್ಲ. ನಾನು ಅಲ್ಲಿ ಸಂದು ಬಿಟ್ಟರೆ, ಒಳಗೆ ನುಗ್ಗುವ ಕಳ್ಳನು ನನ್ನ ಮನೆಗೆ ಮಾತ್ರ ನುಗ್ಗುವದಿಲ್ಲ. ಹತ್ತು ಮನೆಗಳ ಆಚೆ ಮಲಗಿರುವ ವಿಧವೆಯ ಮನೆಗೆ ನುಗ್ಗುವನು. ನನ್ನ ಬೀಗವು ಎಷ್ಟು ಗಟ್ಟಿಯಾದರೂ ಅದು ಆಕೆಯನ್ನು ಕಾಯಲಾರದು. ಓಣಿಯ ಕ್ಷೇಮವು ಓಣಿಯವರೆಲ್ಲರೂ ಕೂಡಿ ಕಟ್ಟಬೇಕಾದ ಗೋಡೆ.

ಇದನ್ನು ನಿಮಗೆ ಬೋಧಿಸುವ ಮೊದಲು ನನ್ನ ಒಂದು ತಪ್ಪನ್ನು ಅರಿಕೆಮಾಡಿಕೊಳ್ಳಬೇಕು. ಕೆಲವು ವರುಷಗಳ ಹಿಂದೆ ನಾನು ಸೇವೆಗೆ ನೇಮಿಸಲ್ಪಟ್ಟಿದ್ದ ಒಂದು ಹಳ್ಳಿಯಲ್ಲಿ, ಮಳೆಗಾಲದ ಒಂದು ರಾತ್ರಿ, ನಮ್ಮ ಗೋಡೆಗೆ ಹತ್ತಿದ ಮನೆಯಲ್ಲಿ ಹೆಂಗಸೊಬ್ಬಳು ಕೂಗಿಕೊಂಡಳು. ಆಕೆಯ ಗಂಡನು ಕುಡಿದು ಬಂದಿದ್ದನು. ನಾನು ಎಚ್ಚರವಾಗಿಯೇ ಇದ್ದೆನು. ನನ್ನ ಹೆಂಡತಿಯು ಎದ್ದು ಕೂತು, "ಹೋಗಿ ನೋಡಿರಿ" ಅಂದಳು. ನಾನು, "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆಯನ್ನು ಹೇಳಿ ಮಗ್ಗುಲು ಹೊರಳಿದೆನು. ಬೆಳಗಾದಾಗ ಆಕೆಯನ್ನು ಮುರಿದ ತೋಳಿನೊಂದಿಗೆ ತಾಲೂಕಿನ ಆಸ್ಪತ್ರೆಗೆ ಒಯ್ದಿದ್ದರು. ಆ ಓಣಿಯಲ್ಲಿ ಆರು ಮನೆಗಳಿದ್ದವು, ಆರು ಮನೆಗಳಿಗೂ ಕೂಗು ಕೇಳಿಸಿತ್ತು. ಪ್ರತಿಯೊಬ್ಬನೂ ಮತ್ತೊಬ್ಬನು ಹೋದಾನು ಎಂದು ತಿಳಿದು ದೀಪ ಆರಿಸಿದನು. ಎಂಟು ದಿವಸಗಳ ಮೇಲೆ ಆಕೆಯು ತೋಳಿಗೆ ಪಟ್ಟಿ ಕಟ್ಟಿಕೊಂಡು ಗುಡಿಯ ಬಾಗಿಲಲ್ಲಿ ನಿಂತು, ಸಿಟ್ಟಿಲ್ಲದೆ, "ಅಯ್ಯನವರೇ, ನನ್ನ ಕೂಗು ನಿಮಗೆ ಕೇಳಿಸಿತ್ತೇ?" ಎಂದು ಕೇಳಿದಳು. ನಾನು ಉತ್ತರಕೊಡಲಾರದೆ ಹೋದೆನು. ತಮ್ಮನ ಕಾವಲು ತನ್ನ ಕೆಲಸವಲ್ಲವೆಂದು ದೇವರಿಗೆ ಮಾರುತ್ತರಕೊಟ್ಟ ಕಾಯಿನನ ನೆನಪು ನನಗೆ ಬಂತು. ಅಂದಿನಿಂದ ನೆಹೆಮೀಯನ ಪುಸ್ತಕದ ಈ ಪಟ್ಟಿಯನ್ನು ನಾನು ಬೇರೆ ಕಣ್ಣುಗಳಿಂದ ಓದುತ್ತಾ ಬಂದಿದ್ದೇನೆ. ಅದರಲ್ಲಿ ನಾನು ಕಂಡ ನಾಲ್ಕು ಸಂಗತಿಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು: ಸಂದುಗಳನ್ನು ಕಣ್ಣಾರೆ ನೋಡಬೇಕು.

ನೆಹೆಮೀಯನು ಪಟ್ಟಣಕ್ಕೆ ಬಂದು ಮೂರು ದಿವಸ ಸುಮ್ಮನಿದ್ದನು. ಆಮೇಲೆ ರಾತ್ರಿಯಲ್ಲಿ ಎದ್ದು, ಕೆಲವರನ್ನು ಮಾತ್ರ ಕರಕೊಂಡು, ಗೋಡೆಯ ಸುತ್ತಲೂ ಹೋಗಿ, ಎಲ್ಲಿ ಬಿದ್ದಿದೆ, ಎಲ್ಲಿ ಸುಟ್ಟಿದೆ ಎಂಬದನ್ನು ನೋಡಿದನು. ಒಂದು ಸ್ಥಳದಲ್ಲಿ ಅವನು ಏರಿದ್ದ ಪಶುವಿಗೆ ಮುಂದೆ ಹೋಗಲು ದಾರಿಯೇ ಸಿಕ್ಕಲಿಲ್ಲ. ಭಾಷಣವು ಆಮೇಲೆ, ನೋಡುವದು ಮೊದಲು.

ನಾವಾದರೋ ನಮ್ಮ ಓಣಿಯಲ್ಲಿ ದಿನಾಲು ನಡೆದಾಡುತ್ತೇವೆ, ಆದರೆ ನೋಡುವದಿಲ್ಲ. ಕಂಬದ ದೀಪವು ಕೆಟ್ಟು ಎಷ್ಟು ತಿಂಗಳಾಯಿತು? ಹೆಣ್ಣುಮಕ್ಕಳು ಕತ್ತಲಾದ ಮೇಲೆ ಯಾವ ಮೂಲೆಯನ್ನು ದಾಟುವದಕ್ಕೆ ಅಂಜುತ್ತಾರೆ? ಕಟ್ಟೆಯಿಲ್ಲದ ಬಾವಿ ಯಾವದು? ಮಳೆ ಬಂದರೆ ಯಾರ ಗೋಡೆ ಬೀಳುವ ಹಾಗಿದೆ? ನೀರು ಬಾರದೆ ಹಾಳು ಬಿಟ್ಟ ಕೊಳವೆ ಬಾವಿಯ ಬಾಯಿಗೆ ಮುಚ್ಚಳವಿದೆಯೋ?

ಈ ಕಡೇ ಪ್ರಶ್ನೆಯು ಸಣ್ಣದೆಂದು ತಿಳಿಯಬೇಡಿರಿ. 2017ರ ಏಪ್ರಿಲ್ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಅಥಣಿ ತಾಲೂಕಿನಲ್ಲಿ ಆಡುತ್ತಿದ್ದ ಒಂದು ಹೆಣ್ಣುಕೂಸು ಇಂಥ ಬಾವಿಯಲ್ಲಿ ಬಿತ್ತು. ಎಷ್ಟೋ ಜನರು ಹಗಲಿರುಳು ಅಗೆದರೂ ಅದು ಬದುಕಿ ಬರಲಿಲ್ಲ. 2024ರ ಏಪ್ರಿಲ್ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಲಚ್ಯಾಣ ಗ್ರಾಮದಲ್ಲಿ ಎರಡು ವರುಷದೊಳಗಿನ ಒಂದು ಗಂಡುಕೂಸು ತಲೆಕೆಳಗಾಗಿ ಬಿತ್ತು. ಸುಮಾರು 20 ತಾಸು ಅಗೆದ ಮೇಲೆ ದೇವರ ಕೃಪೆಯಿಂದ ಜೀವದೊಂದಿಗೆ ಮೇಲೆ ಬಂತು. ಹಾಳುಬಿಟ್ಟ ಕೊಳವೆ ಬಾವಿಗಳನ್ನು ಮಣ್ಣಿನಿಂದ ತುಂಬಬೇಕು, ಬಾಯಿಗೆ ಭದ್ರವಾದ ಮುಚ್ಚಳ ಹಾಕಬೇಕು ಎಂದು ದೇಶದ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ಅಪ್ಪಣೆಮಾಡಿತ್ತು. ಅಪ್ಪಣೆಯು ಡೆಲ್ಲಿಯಲ್ಲಿತ್ತು, ಬಾವಿಯು ಹೊಲದಲ್ಲಿತ್ತು. ಇವೆರಡರ ನಡುವೆ ನೋಡುವ ನೆರೆಯವನು ಇರಲಿಲ್ಲ. ಒಂದು ಚಪ್ಪಡಿ ಕಲ್ಲು, ಎರಡು ಬುಟ್ಟಿ ಮಣ್ಣು, ಅರ್ಧ ದಿವಸದ ಕೆಲಸ! ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯು ನಮ್ಮ ಮೇಲೆ ಬಾರದಿರಲಿ.

ಎರಡನೆಯದು: ಸಣ್ಣದರಿಂದ ಆರಂಭಿಸಿ, ಕೂಡಿ ಕಟ್ಟಬೇಕು.

"ನಾವು ಬಡವರು, ನಮ್ಮ ಮಾತನ್ನು ಯಾರು ಕೇಳುವರು?" ಎಂದು ನೀವು ಹೇಳಬಹುದು. ಇದಕ್ಕೆ ಉತ್ತರವಾಗಿ, ನೆಹೆಮೀಯನ ಹೆಸರನ್ನೇ ತಮ್ಮ ಕೆಲಸಕ್ಕೆ ಇಟ್ಟುಕೊಂಡ ಒಂದು ದೂರ ದೇಶದ ಸಭೆಗಳ ವೃತ್ತಾಂತವನ್ನು ಹೇಳುತ್ತೇನೆ.

ಅಮೇರಿಕಾ ದೇಶದ ನ್ಯೂಯಾರ್ಕ್ ಮಹಾನಗರದಲ್ಲಿ ಬ್ರೂಕ್ಲಿನ್ ಎಂಬ ಭಾಗವುಂಟು. ಅದರ ಪೂರ್ವದಿಕ್ಕಿನಲ್ಲಿ ಬ್ರೌನ್ಸ್‌ವಿಲ್, ಈಸ್ಟ್ ನ್ಯೂಯಾರ್ಕ್ ಎಂಬ ಕೇರಿಗಳಿವೆ. 1970ರಿಂದ 1980ರ ವರೆಗಿನ ವರುಷಗಳಲ್ಲಿ ಅವು ನಮ್ಮ ಪಟ್ಟಿಯಲ್ಲಿರುವ ಯೆರೂಸಲೇಮಿನ ಹಾಗೆಯೇ ಹಾಳಾಗಿದ್ದವು. ಬ್ಯಾಂಕುಗಳು ಅಲ್ಲಿಯ ಬಡವರಿಗೂ ಕಪ್ಪು ಬಣ್ಣದವರಿಗೂ ಮನೆಸಾಲ ಕೊಡುತ್ತಿರಲಿಲ್ಲ. ಒಡೆಯರು ಬಿಟ್ಟುಹೋದ ಮನೆಗಳು ಸುಟ್ಟವು. ಸಾಲುಸಾಲಾಗಿ ಬೀದಿಗಳು ಬೈಲಾದವು. ಕಳ್ಳತನವೂ ಮಾದಕ ಪದಾರ್ಥಗಳ ವ್ಯಾಪಾರವೂ ಹೆಚ್ಚಿದವು. ಅನುಕೂಲವುಳ್ಳವರು ಊರು ಬಿಟ್ಟರು. ಉಳಿದವರು ಬಡವರು, ಮತ್ತು ಅವರ ಸಭೆಗಳು.

1980ರ ಸುಮಾರಿನಲ್ಲಿ ಆ ಸಭೆಗಳು ಕೂಡಿಬಂದವು. ಬ್ಯಾಪ್ಟಿಸ್ಟರು, ಲೂಥರನರು, ರೋಮನ್ ಕಥೋಲಿಕರು, ಬೇರೆಯವರು ಸಹ ತಮ್ಮ ತಮ್ಮ ಭೇದಗಳನ್ನು ಬಾಗಿಲ ಹೊರಗೆ ಬಿಟ್ಟು ಒಂದು ಸಂಘವನ್ನು ಕಟ್ಟಿದರು. ಅದು ಈಸ್ಟ್ ಬ್ರೂಕ್ಲಿನ್ ಕಾಂಗ್ರಿಗೇಶನ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಪರರ ದಾನವನ್ನು ಕಾಯದೆ ಪ್ರತಿಯೊಂದು ಸಭೆಯು ತನ್ನ ವಂತಿಗೆಯನ್ನು ಕೊಟ್ಟಿತು. ಅವರು ಮೊದಲು ಏನು ಮಾಡಿದರು? ಅರಮನೆಗಳನ್ನು ಕೇಳಿದರೋ? ಇಲ್ಲ. ಅವರ ಬೀದಿಗಳ ಮೂಲೆಗಳಲ್ಲಿ ಬೀದಿಯ ಹೆಸರಿನ ಹಲಗೆಗಳು ಇರಲಿಲ್ಲ. ಹೆಸರಿಲ್ಲದ ಬೀದಿಗೆ ಬೆಂಕಿ ಆರಿಸುವ ಬಂಡಿಯಾಗಲಿ, ರೋಗಿಗಳನ್ನು ಒಯ್ಯುವ ಬಂಡಿಯಾಗಲಿ ಹೇಗೆ ಬಂದೀತು? ಅವರು ಒಂದೊಂದು ಮೂಲೆಗೂ ಹೋಗಿ ಬರಕೊಂಡು, ಆ ಪಟ್ಟಿಯನ್ನು ನಗರದ ಅಧಿಕಾರಿಗಳ ಮುಂದೆ ಇಟ್ಟರು, ಹಲಗೆಗಳು ಬಂದವು. ಆಮೇಲೆ ಅಂಗಡಿಗಳಲ್ಲಿ ಕೆಟ್ಟ ಮಾಂಸವನ್ನು ಮಾರುವದನ್ನೂ ತೂಕದಲ್ಲಿ ಮೋಸಮಾಡುವದನ್ನೂ ಗುಂಪುಗುಂಪಾಗಿ ಹೋಗಿ ಪರೀಕ್ಷಿಸಿದರು, ಅಂಗಡಿಗಳು ಶುದ್ಧವಾದವು. ಈ ಸಣ್ಣ ಜಯಗಳಿಂದ, ನಮ್ಮ ಕೈಯಿಂದ ಆಗುತ್ತದೆ ಎಂಬ ಧೈರ್ಯವು ಬಡವರ ಎದೆಯಲ್ಲಿ ಹುಟ್ಟಿತು.

ಅನಂತರವೇ ಅವರು ದೊಡ್ಡ ಕೆಲಸಕ್ಕೆ ಕೈಹಾಕಿದರು. ಬೈಲಾದ ಬೀದಿಗಳಲ್ಲಿ ದುಡಿಯುವ ಬಡವರು ಕೊಳ್ಳಬಹುದಾದ ಮನೆಗಳನ್ನು ಕಟ್ಟಬೇಕೆಂದು ನಿಶ್ಚಯಿಸಿದರು. ಆ ಸಂಘದ ಮುಂದಾಳುಗಳಲ್ಲಿ ಒಬ್ಬರಾದ ಜಾನಿ ರೇ ಯಂಗ್‌ಬ್ಲಡ್ ಎಂಬ ಬ್ಯಾಪ್ಟಿಸ್ಟ್ ಬೋಧಕರ ಮಾತಿನಿಂದ ಆ ಯೋಜನೆಗೆ ನೆಹೆಮೀಯನ ಹೆಸರು ಬಂತು. ಸಭಾಮಂಡಲಿಗಳು ಕಟ್ಟುವದಕ್ಕೆ ಬಡ್ಡಿಯಿಲ್ಲದೆ ಸಾಲ ಕೊಟ್ಟವು. ನಗರವು ಹಾಳು ಭೂಮಿಯನ್ನೂ, ಒಂದೊಂದು ಮನೆಗೆ 10,000 ಡಾಲರುಗಳನ್ನು ಬಡ್ಡಿಯಿಲ್ಲದ ಸಾಲವಾಗಿಯೂ ಕೊಟ್ಟಿತು. 1982ರಲ್ಲಿ ಸಾವಿರಾರು ಜನರು ನೆರೆದು, ಪ್ರಾರ್ಥಿಸಿ, ಮೊದಲನೆಯ ಮಣ್ಣನ್ನು ಅಗೆದರು. ಆ ದಶಕವು ತೀರುವದರೊಳಗೆ ಸಾವಿರಕ್ಕಿಂತ ಹೆಚ್ಚು ಇಟ್ಟಿಗೆಯ ಮನೆಗಳು ಎದ್ದವು. ಮುಂದೆಯೂ ಏಳುತ್ತಾ ಬಂದವು. 1987ರಲ್ಲಿ ಆ ದೇಶದ ಶಾಸನಸಭೆಯೇ ನೆಹೆಮೀಯನ ಹೆಸರಿನಿಂದ ಒಂದು ಗೃಹನಿರ್ಮಾಣದ ಸಹಾಯವನ್ನು ಕಾನೂನಿನಲ್ಲಿ ಸೇರಿಸಿತು.

ಇದರಿಂದ ಅಲ್ಲಿಯ ಕೇಡೆಲ್ಲಾ ತೀರಿತೋ? ತೀರಲಿಲ್ಲ. 1990ರ ಈಚೆ ಕೆಲವು ವರುಷಗಳ ವರೆಗೂ ಅಲ್ಲಿ ಕೊಲೆಗಳು ಬಹಳವಾಗಿದ್ದವು. ಸತ್ಯವನ್ನು ಮರೆಮಾಡಬಾರದು. ಯೆರೂಸಲೇಮಿನ ಗೋಡೆಯು 52 ದಿವಸಗಳಲ್ಲಿ ತೀರಿತು, ಆದರೆ ಬಾಗಿಲು ಕಾಯುವವರ ಕೆಲಸವು ತೀರಲಿಲ್ಲ. ಗೋಡೆ ಮುಗಿದ ಕೂಡಲೆ ನೆಹೆಮೀಯನು ಕಾವಲಿನವರನ್ನು ನೇಮಿಸಿ, ಅವರಲ್ಲಿ ಪ್ರತಿಯೊಬ್ಬನೂ ತನ್ನ ಮನೆಯ ಎದುರಿನಲ್ಲಿ ಕಾಯಬೇಕೆಂದು ಹೇಳಿದನು. ಹೀಗಿದ್ದರೂ ಒಂದು ಭೇದವನ್ನು ನೋಡಿರಿ. ಬೈಲಿಗೆ ಕಾವಲಿಲ್ಲ, ಮನೆಯಿದ್ದಲ್ಲಿ ಕಿಟಕಿಯುಂಟು, ಕಿಟಕಿಯಲ್ಲಿ ದೀಪವುಂಟು, ದೀಪದ ಬಳಿಯಲ್ಲಿ ನೋಡುವ ಕಣ್ಣುಂಟು.

ಆದರೆ ತೆಕೋವದವರ ಕುಲೀನರನ್ನು ಮರೆಯಬೇಡಿರಿ. ಅವರು ತಮ್ಮ ಕರ್ತನ ಕೆಲಸಕ್ಕೆ ಹೆಗಲು ಕೊಡಲಿಲ್ಲವೆಂದು ಅದೇ ಪಟ್ಟಿಯಲ್ಲಿ ಬರೆದದೆ. ಎಲ್ಲಾ ಊರುಗಳಲ್ಲಿಯೂ ಅಂಥ ಕೆಲವರು ಇರುವರು. ಅವರಿಗೋಸ್ಕರ ನೆಹೆಮೀಯನು ಕೆಲಸವನ್ನು ನಿಲ್ಲಿಸಲಿಲ್ಲ, ಅವರ ಸಂಗಡ ಜಗಳಕ್ಕೂ ನಿಲ್ಲಲಿಲ್ಲ. ತೆಕೋವದ ಸಾಮಾನ್ಯ ಜನರಾದರೋ ತಮ್ಮ ಪಾಲನ್ನು ತೀರಿಸಿ ಮತ್ತೊಂದು ಪಾಲನ್ನೂ ಕಟ್ಟಿದರು. ದೊಡ್ಡವರು ಬಾರದಿದ್ದರೆ ಸಣ್ಣವರು ಎರಡು ಪಾಲು ಕಟ್ಟಬಹುದು.

ಮೂರನೆಯದು: ಕಹಳೆಯು ಕೇಳಿಸಿದ ಕಡೆಗೆ ಓಡಬೇಕು.

ಗೋಡೆಯು ಉದ್ದವಾಗಿತ್ತು, ಕಟ್ಟುವವರು ಒಬ್ಬರಿಂದೊಬ್ಬರು ದೂರವಾಗಿದ್ದರು. ಆದದರಿಂದ ನೆಹೆಮೀಯನು ಕಹಳೆ ಊದುವವನನ್ನು ತನ್ನ ಬಳಿಯಲ್ಲಿ ಇಟ್ಟುಕೊಂಡು, ಕಹಳೆಯ ಶಬ್ದ ಎಲ್ಲಿಂದ ಕೇಳಿಸುತ್ತದೋ ಅಲ್ಲಿಗೆ ಎಲ್ಲರೂ ಕೂಡಿಬರಬೇಕೆಂದು ಏರ್ಪಾಡು ಮಾಡಿದನು. ಆಪತ್ತು ಬಂದಾಗ ಏನು ಮಾಡಬೇಕೆಂಬದನ್ನು ಆಪತ್ತು ಬರುವದಕ್ಕಿಂತ ಮೊದಲೇ ಗೊತ್ತುಮಾಡಿದನು.

ನೆರೆಯವನ ಬೆಲೆಯು ಎಷ್ಟೆಂಬದು ಜಪಾನ್ ದೇಶದವರಿಗೆ 1995ನೆಯ ಇಸವಿಯ ಜನವರಿ 17ನೆಯ ದಿವಸದಲ್ಲಿ ತಿಳಿದುಬಂತು. ಅಂದು ಬೆಳಗ್ಗೆ ಇನ್ನೂ ಕತ್ತಲಿರುವಾಗ ಕೋಬೆ ಪಟ್ಟಣದ ಸುತ್ತಲೂ ಭೂಮಿಯು ನಡುಗಿ, 6,000ಕ್ಕಿಂತ ಹೆಚ್ಚು ಜನರು ಸತ್ತರು. ಆ ದೇಶದಲ್ಲಿ ಯಂತ್ರಗಳಿಗಾಗಲಿ ಸೈನಿಕರಿಗಾಗಲಿ ಕೊರತೆಯಿರಲಿಲ್ಲ. ಆದಾಗ್ಯೂ ಬಿದ್ದ ಮನೆಗಳಿಂದ ಜೀವದೊಂದಿಗೆ ತೆಗೆಯಲ್ಪಟ್ಟವರಲ್ಲಿ ಹೆಚ್ಚಿನವರನ್ನು ತೆಗೆದವರು ಮನೆಯವರೂ ನೆರೆಯವರೂ ಆಗಿದ್ದರು. ದೂರದಿಂದ ಸಹಾಯ ಬರುವ ವರೆಗೆ ಮಣ್ಣಿನ ಕೆಳಗಿರುವ ಉಸಿರು ಕಾಯುವದಿಲ್ಲ. ಅಲ್ಲಿಗೆ ಹತ್ತಿರವಾದ ಅವಾಜಿ ದ್ವೀಪದಲ್ಲಿ ಹೊಕುದಾನ್ ಎಂಬ ಸಣ್ಣ ಊರಿತ್ತು. ಅಲ್ಲಿ ಸುಮಾರು 300 ಜನರನ್ನು ಊರವರೇ ಮಣ್ಣಿನಿಂದ ಎತ್ತಿದರು. ಹೇಗಂದರೆ, ಪಕ್ಕದ ಮನೆಯ ಮುದುಕಿಯು ಯಾವ ಕೋಣೆಯಲ್ಲಿ ಮಲಗುತ್ತಾಳೆ ಎಂಬದು ನೆರೆಯವರಿಗೆ ತಿಳಿದಿತ್ತು. ಅದಕ್ಕೋಸ್ಕರ ಎಲ್ಲಿ ಅಗೆಯಬೇಕೆಂಬದು ಅವರಿಗೆ ಗೊತ್ತಿತ್ತು. ಅದೇ ದಿವಸದ ಸಾಯಂಕಾಲದೊಳಗೆ ಯಾರೂ ಕಾಣದೆ ಉಳಿಯಲಿಲ್ಲ.

ಸಹೋದರರೇ, ನಿಮ್ಮ ಪಕ್ಕದ ಮನೆಯವರ ಹೆಸರುಗಳೆಲ್ಲಾ ನಿಮಗೆ ತಿಳಿದವೆಯೋ? ಒಬ್ಬಂಟಿಯಾಗಿ ಮಲಗುವ ಮುದುಕರು ಯಾರು? ದುಡಿಮೆಗೆ ಬೆಂಗಳೂರಿಗೋ ಗೋವೆಗೋ ಹೋದ ಗಂಡನನ್ನು ಕಾದು ಮಕ್ಕಳೊಂದಿಗೆ ಇರುವ ತಾಯಿ ಯಾರು? ಕಣ್ಣಿಲ್ಲದವರು, ನಡೆಯಲಾರದವರು ಯಾರು? ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆಯನ್ನು ನಡಿಸುವದಕ್ಕೆ ಮೊದಲು ನೆರೆಯವನು ಎಲ್ಲಿ ಮಲಗುತ್ತಾನೆಂಬದನ್ನಾದರೂ ತಿಳಿಯಬೇಕಲ್ಲವೇ?

ನಾಲ್ಕನೆಯದು: ಗೋಡೆಯ ಒಳಗಿನ ಶತ್ರುವನ್ನು ಅರಿಯಬೇಕು.

ಗೋಡೆಯು ಏಳುತ್ತಿರುವಾಗಲೇ, ಐದನೆಯ ಅಧ್ಯಾಯದಲ್ಲಿ, ಒಂದು ಮೊರೆಯು ಎದ್ದಿತು. ಅದು ಸನ್ಬಲ್ಲಟನ ಮೇಲಣ ಮೊರೆಯಲ್ಲ, ಸ್ವಂತ ಸಹೋದರರ ಮೇಲಣ ಮೊರೆ. ಹೊಟ್ಟೆಗಿಲ್ಲದೆ ಹೊಲಗಳನ್ನು ಒತ್ತೆಯಿಟ್ಟೆವು, ಬಡ್ಡಿಯ ದೆಸೆಯಿಂದ ಮಕ್ಕಳನ್ನು ಜೀತಕ್ಕೆ ಬಿಟ್ಟೆವು ಎಂದು ಬಡವರು ಅತ್ತರು. ನೆಹೆಮೀಯನು ಗೋಡೆಯ ಕೆಲಸವೇ ಮುಖ್ಯ, ಇದು ಆಮೇಲೆ ನೋಡೋಣ ಅನ್ನಲಿಲ್ಲ. ಸಭೆ ಕೂಡಿಸಿ, ಹೊಲಗಳನ್ನೂ ಬಡ್ಡಿಯನ್ನೂ ತಿರಿಗಿ ಕೊಡಿಸಿದನು. ಯಾಕಂದರೆ ಹೊರಗಿನ ಕಳ್ಳನನ್ನು ತಡೆದು ಒಳಗಿನ ಕಳ್ಳನಿಗೆ ಮಣೆ ಹಾಕುವ ಗೋಡೆಯು ಗೋಡೆಯಲ್ಲ, ಸೆರೆಮನೆ. ನಮ್ಮ ಓಣಿಯಲ್ಲಿಯೂ ಮೀಟರ್ ಬಡ್ಡಿಯವನಿದ್ದಾನೆ, ಕಳ್ಳಭಟ್ಟಿಯವನಿದ್ದಾನೆ, ಹೆಂಡತಿಯನ್ನು ಹೊಡೆಯುವವನಿದ್ದಾನೆ. ಅವರು ನಮ್ಮವರೆಂದು ಸುಮ್ಮನಿದ್ದರೆ ಕಂಬಕ್ಕೆ ಎಷ್ಟು ದೀಪ ಹಾಕಿದರೂ ಕತ್ತಲೆಯು ಹೋಗದು.

ಇದಕ್ಕಿಂತಲೂ ಭಯಂಕರವಾದ ಮತ್ತೊಂದು ಶತ್ರುವುಂಟು. ಅದೇನಂದರೆ, ಕಾವಲೇ ಪಾಪವಾಗುವದು. 2018ರ ಜುಲೈ ತಿಂಗಳಲ್ಲಿ ನಮ್ಮ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ನಡೆದದ್ದನ್ನು ನೆನಸಿರಿ. ಮಕ್ಕಳ ಕಳ್ಳರು ತಿರುಗುತ್ತಿದ್ದಾರೆಂಬ ಸುಳ್ಳು ಸುದ್ದಿಯು ಆ ದಿವಸಗಳಲ್ಲಿ ಮೊಬೈಲ್ ಫೋನುಗಳಿಂದ ಮನೆಮನೆಗೂ ಹಬ್ಬಿತ್ತು. ಹೊರಗಿನಿಂದ ಬಂದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಮಿಠಾಯಿ ಕೊಟ್ಟರು. ಅಷ್ಟರಿಂದಲೇ ಜನರು ಅವರನ್ನು ಕಳ್ಳರೆಂದು ನಂಬಿದರು. ಅವರು ಕಾರಿನಲ್ಲಿ ಹೋಗುತ್ತಿರಲಾಗಿ ಮುಂದಿನ ಊರಿಗೆ ಸುದ್ದಿ ಮುಟ್ಟಿಸಿ, ದಾರಿಗೆ ಅಡ್ಡಗಟ್ಟಿ, ಗುಂಪುಗೂಡಿ ಹೊಡೆದರು. ಹೈದರಾಬಾದಿನ ಒಬ್ಬ ಯೌವನಸ್ಥನು ಸತ್ತನು. ಬಿಡಿಸುವದಕ್ಕೆ ಹೋದ ಪೊಲೀಸರಿಗೂ ಗಾಯಗಳಾದವು. ಹೊಡೆದವರು ತಮ್ಮ ಮಕ್ಕಳನ್ನು ಕಾಯುತ್ತೇವೆಂದೇ ತಿಳಿದಿದ್ದರು. ಕಹಳೆಯನ್ನು ಸುಳ್ಳು ಊದಿತು, ಪ್ರೀತಿಯಿಲ್ಲದ ಎಚ್ಚರಿಕೆಯು ಓಡಿಬಂತು, ನಿರಪರಾಧಿಯ ರಕ್ತವು ನೆಲಕ್ಕೆ ಬಿತ್ತು.

ಆದದರಿಂದ ಸಂಘ ಕಟ್ಟುವವರು ಈ ನಿಯಮಗಳನ್ನು ಹೃದಯದಲ್ಲಿ ಬರಕೊಳ್ಳಲಿ. ಪರಊರಿನವನು ಕಂಡರೆ ಮೊದಲು ನೀರು ಕೊಟ್ಟು ಊರು ಕೇಳಿರಿ. ಸಂಶಯ ಬಂದರೆ 112 ಎಂಬ ಸಂಖ್ಯೆಗೆ ಫೋನುಮಾಡಿ ಪೊಲೀಸರನ್ನು ಕರೆಯಿರಿ. ಕೈ ಎತ್ತಬೇಡಿರಿ. ಫೋನಿನಲ್ಲಿ ಬಂದ ಸುದ್ದಿಯನ್ನು ಕಣ್ಣಾರೆ ನೋಡದೆ ಮುಂದಕ್ಕೆ ದಾಟಿಸಬೇಡಿರಿ. ನಮ್ಮ ಕರ್ತನೂ ಸಂಶಯಗೊಂಡ ಗುಂಪಿನ ಕೈಯಿಂದಲೇ ಕ್ರೂಜೆಗೆ ಒಪ್ಪಿಸಲ್ಪಟ್ಟನೆಂಬದನ್ನು ಕ್ರೈಸ್ತರಾದವರು ಹೇಗೆ ಮರೆತಾರು?

ಈಗ ಇದನ್ನು ಕಾರ್ಯಕ್ಕೆ ತರುವದು ಹೇಗೆ?

ಮೊದಲು, ಇದನ್ನು ಕ್ರೈಸ್ತರ ಸಂಘವಾಗಿ ಮಾಡಬೇಡಿರಿ, ಓಣಿಯ ಸಂಘವಾಗಿ ಮಾಡಿರಿ. ಯೆರೆಮೀಯನು ಬಾಬೆಲಿನಲ್ಲಿದ್ದ ಸೆರೆಯವರಿಗೆ ಪತ್ರ ಬರೆದು, ತಾವಿದ್ದ ಆ ಅನ್ಯಪಟ್ಟಣದ ಕ್ಷೇಮವನ್ನೇ ಹುಡುಕಬೇಕೆಂದೂ ಅದರ ಕ್ಷೇಮದಲ್ಲಿ ಅವರ ಕ್ಷೇಮವೂ ಇದೆಯೆಂದೂ ಬುದ್ಧಿ ಹೇಳಿದನಲ್ಲವೇ. ಕಂಬದ ದೀಪವು ಜಾತಿ ಕೇಳಿ ಬೆಳಕು ಕೊಡುವದಿಲ್ಲ. ತೆರೆದ ಬಾವಿಯು ಮತ ಕೇಳಿ ಕೂಸನ್ನು ನುಂಗುವದಿಲ್ಲ. ಮುಂದಾಳುತನಕ್ಕೆ ನುಗ್ಗಬೇಡಿರಿ, ಕಲ್ಲು ಹೊರುವದಕ್ಕೆ ಮುಂದಾಗಿರಿ.

ಬಳಿಕ, ಒಂದು ಸಾಯಂಕಾಲ ನಾಲ್ಕು ಮಂದಿ ಗಂಡಸರೂ ನಾಲ್ಕು ಮಂದಿ ಹೆಂಗಸರೂ ಕೂಡಿ ಓಣಿಯನ್ನು ತುದಿಯಿಂದ ತುದಿಗೆ ನಡೆದು ಸಂದುಗಳನ್ನು ಬರಕೊಳ್ಳಿರಿ. ಹೆಂಗಸರನ್ನು ಬಿಟ್ಟು ಹೋಗಬೇಡಿರಿ. ಕತ್ತಲೆಯ ಮೂಲೆಗಳು ಗಂಡಸರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಶಲ್ಲೂಮನ ಹೆಣ್ಣುಮಕ್ಕಳ ನೆನಪಿರಲಿ. ನಮ್ಮ ಕೈಯಿಂದಲೇ ಆಗುವದನ್ನು ಆ ವಾರವೇ ಮಾಡಿರಿ. ದೀಪ, ಗಟಾರ, ಕುಡಿಯುವ ನೀರು ಮುಂತಾದವು ಪಂಚಾಯಿತಿಯ ಕರ್ತವ್ಯಗಳು. 1993ರ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ಆರು ತಿಂಗಳಿಗೆ ಒಂದಾವರ್ತಿಯಾದರೂ ವಾರ್ಡ್ ಸಭೆಯೂ ಗ್ರಾಮ ಸಭೆಯೂ ಕೂಡಬೇಕು. ಅಲ್ಲಿಗೆ ಒಬ್ಬೊಬ್ಬರಾಗಿ ಹೋಗಿ ಗೊಣಗುವದಕ್ಕಿಂತ, ಬೀದಿಯ ಹಲಗೆಗಳನ್ನು ಬರಕೊಂಡುಹೋದ ಆ ಬ್ರೂಕ್ಲಿನಿನವರ ಹಾಗೆ ಕೂಡಿ ಹೋಗಿ, ಪಟ್ಟಿ ಬರೆದು ಕೊಟ್ಟು, ಉತ್ತರವನ್ನು ಬರಹದಲ್ಲಿ ಕೇಳಿರಿ. ಹನಿಗೂಡಿದರೆ ಹಳ್ಳ.

ಕಡೆಗೆ ನನ್ನ ತಪ್ಪಿನ ಕಥೆಯನ್ನು ಮುಗಿಸುತ್ತೇನೆ. ಆ ಸಹೋದರಿಯು ಗುಡಿಯ ಬಾಗಿಲಲ್ಲಿ ಆ ಪ್ರಶ್ನೆಯನ್ನು ಕೇಳಿದ ವಾರದಲ್ಲಿಯೇ ಓಣಿಯ ಹೆಂಗಸರು ನಮ್ಮ ಜಗಲಿಯ ಮೇಲೆ ಕೂಡಿ ಒಂದು ಒಪ್ಪಂದ ಮಾಡಿಕೊಂಡರು. ಅವರು ನೆಹೆಮೀಯನ ಕಹಳೆಯನ್ನು ಓದಿದವರಲ್ಲ, ಅವರಲ್ಲಿ ಇಬ್ಬರು ನಮ್ಮ ಸಭೆಯವರೂ ಅಲ್ಲ. ಯಾವ ಮನೆಯಲ್ಲಾದರೂ ಹೊಡೆಯುವ ಶಬ್ದ ಕೇಳಿದರೆ ಮೊದಲು ಕೇಳಿದವಳು ಹಿತ್ತಾಳೆಯ ತಾಟನ್ನು ಬಡಿಯಬೇಕು, ತಾಟಿನ ಶಬ್ದ ಕೇಳಿದವರೆಲ್ಲರೂ ದೀಪ ಹಚ್ಚಿ, ಬಾಗಿಲು ತೆರೆದು, ಆ ಮನೆಯ ಮುಂದೆ ಬಂದು ನಿಲ್ಲಬೇಕು, ಬೈಯಬಾರದು, ಹೊಡೆಯಬಾರದು, ಜೀವಕ್ಕೆ ಅಪಾಯವೆಂದು ಕಂಡರೆ ಪೊಲೀಸರನ್ನು ಕರೆಯಬೇಕು, ಆಕೆಯು ಹೊರಗೆ ಬರುವ ವರೆಗೆ ಯಾರೂ ತಿರಿಗಿ ಹೋಗಬಾರದು. ಗಂಡಸರಾದ ನಾವು ನಾಚಿಕೊಂಡು ಒಪ್ಪಿದೆವು.

ನಾನು ಆ ಊರಿನಲ್ಲಿದ್ದ ಕಾಲದಲ್ಲಿ ಆ ತಾಟು ಎರಡು ಸಾರಿ ಬಡಿಯಿತು. ಮೊದಲನೆಯ ಸಾರಿ ನಾನು ಮೂರನೆಯವನಾಗಿ ಬಂದೆನು. ಎರಡನೆಯ ಸಾರಿ ನನ್ನ ಹೆಂಡತಿಯು ನನಗಿಂತ ಮುಂಚೆ ಹೊಸ್ತಿಲು ದಾಟಿದಳು. ಅಂದು ಆ ಮನುಷ್ಯನು ಬಾಗಿಲು ತೆರೆದು, ಮಳೆಯಲ್ಲಿ ದೀಪ ಹಿಡಿದು ನಿಂತ ಹದಿನೈದು ಇಪ್ಪತ್ತು ಜನರನ್ನು ಕಂಡು, ಮೆಟ್ಟಲಿನ ಮೇಲೆ ಕೂತು ಮುಖ ಮುಚ್ಚಿಕೊಂಡನು. ಅವನು ಆ ರಾತ್ರಿಯೇ ಕುಡಿತ ಬಿಟ್ಟನೆಂದು ನಾನು ಹೇಳಲಾರೆನು. ಆದರೆ ಆಮೇಲೆ ನಾನು ಅಲ್ಲಿದ್ದಷ್ಟು ದಿನ ಆ ಮನೆಯಿಂದ ಕೂಗು ಕೇಳಿಸಲಿಲ್ಲ. ಆ ಸಹೋದರಿಯ ಪ್ರಶ್ನೆಗೆ ನಾನು ಬಾಯಿಂದ ಕೊಡಲಾರದೆ ಹೋದ ಉತ್ತರವನ್ನು ಆ ಓಣಿಯು ಕೊಟ್ಟಿತು: ಹೌದು ತಾಯೀ, ನಿನ್ನ ಕೂಗು ನಮಗೆ ಕೇಳಿಸಿತು.

ಕರ್ತನು ಊರನ್ನು ಕಾಯದಿದ್ದರೆ ಕಾವಲುಗಾರರು ಎಚ್ಚರವಾಗಿದ್ದು ಪ್ರಯೋಜನವಿಲ್ಲವೆಂದು ಕೀರ್ತನೆಗಾರನು ಕಲಿಸುತ್ತಾನೆ. ನಿಜವೇ. ಆದರೆ ಕರ್ತನು ಊರನ್ನು ಕಾಯುವದು ಎಚ್ಚರವಾಗಿರುವ ನೆರೆಯವರ ಮೂಲಕವೇ ಎಂಬದನ್ನು ನೆಹೆಮೀಯನ ಪಟ್ಟಿಯು ಕಲಿಸುತ್ತದೆ. ಆ ಪಟ್ಟಿಯಲ್ಲಿ ಮೆಷುಲ್ಲಾಮನ ಹೆಸರು ಒಂದು ಕೋಣೆಯ ಎದುರಿನ ಗೋಡೆಯಿಂದ ಉಳಿದಿದೆ. ನಮ್ಮ ಮನೆಗಳ ಎದುರಿನಲ್ಲಿಯೂ ಒಂದು ಸಂದು ಇದೆ. ಇಂದು ರಾತ್ರಿ ಬಾಗಿಲು ಮುಚ್ಚುವ ಮೊದಲು ಹೊಸ್ತಿಲಲ್ಲಿ ನಿಂತು ಅದನ್ನು ನೋಡೋಣ.

ಪ್ರಾರ್ಥನೆ: ತೂಕಡಿಸದೆಯೂ ನಿದ್ರಿಸದೆಯೂ ನಮ್ಮನ್ನು ಕಾಯುವ ತಂದೆಯೇ, ಕೂಗು ಕೇಳಿಯೂ ಕೇಳದವರಂತೆ ಮಲಗಿದ ನಮ್ಮ ಪಾಪವನ್ನು ಕ್ಷಮಿಸು. ನಮ್ಮ ಕಿವಿಗಳನ್ನು ತೆರೆ, ನಮ್ಮ ಬಾಗಿಲುಗಳನ್ನೂ ತೆರೆ. ನಮ್ಮ ಕಾವಲಿನಲ್ಲಿ ದ್ವೇಷವನ್ನು ಸೇರಗೊಡಿಸಬೇಡ. ನಮ್ಮ ಓಣಿಯ ವಿಧವೆಯೂ ಕೂಸೂ ಪರದೇಶಿಯೂ ನಿರ್ಭಯವಾಗಿ ಮಲಗುವ ಹಾಗೆ, ನಮಗೆ ನೇಮಿಸಿದ ಪಾಲನ್ನು ನಾವು ಕಟ್ಟುವಂತೆ ಬಲಕೊಡು. ಯೇಸು ಕ್ರಿಸ್ತನ ನಾಮದಲ್ಲಿ ಬೇಡಿಕೊಳ್ಳುತ್ತೇವೆ. ಆಮೆನ್.